ಉಪ್ಪುನೀರಿನ ಟ್ಯಾಂಕಿಗೆ ಮನೇಲೇ ಸಂಪ್ ಮಾಡ್ಕೊಳ್ಳೋದು: ಪದೇ ಪದೇ ಕೇಳೋ ಪ್ರಶ್ನೆಗಳು

ಸಮುದ್ರದ ಮೀನು, ಹವಳ ಸಾಕೋ ಅಕ್ವೇರಿಯಮ್ಮಿನ ಸಂಪ್ ಬಗ್ಗೆ ಕೇಳೋರೆಲ್ಲ ಹೆಚ್ಚುಕಮ್ಮಿ ಇವೇ ಪ್ರಶ್ನೆ ಕೇಳ್ತಾರೆ, ಒಬ್ಬೊಬ್ಬರಿಗೂ ಬೇರೆ ಬೇರೆ ಟೈಪ್ ಮಾಡಿ ಸಾಕಾಗಿದೆ, ಅದಕ್ಕೇ ಎಲ್ಲಾನೂ ಒಂದೇ ಕಡೆ ಬರೆದಿಡ್ತಿದೀನಿ. ನಾನು ಇದುವರೆಗೆ ಮೂರು ಸಂಪ್ ಕಟ್ಟಿದೀನಿ. ಮೊದಲನೇದು ಮನೆಯೆಲ್ಲ ನೀರು ಮಾಡ್ತು, ಎರಡನೇದು ಸ್ಟ್ಯಾಂಡ್ ಒಳಗೇ ಹೋಗ್ಲಿಲ್ಲ, ಮೂರನೇದು ಇವತ್ತಿಗೂ ಓಡ್ತಿದೆ.

ಸಂಪ್ ಅಂದ್ರೆ ಏನು? ಅದರಿಂದ ಏನು ಲಾಭ?

ಮೇನ್ ಟ್ಯಾಂಕಿನ ಕೆಳಗೆ, ಸ್ಟ್ಯಾಂಡ್ ಒಳಗೆ ಇಡೋ ಇನ್ನೊಂದು ಟ್ಯಾಂಕ್, ಅಷ್ಟೇ. ಮೇಲಿನ ಟ್ಯಾಂಕಿನ ನೀರು ಓವರ್‌ಫ್ಲೋ ಆಗಿ ಪೈಪಲ್ಲಿ ತಾನಾಗೇ ಕೆಳಗೆ ಇಳಿಯತ್ತೆ, ಸಂಪಿನ ಕೊನೆ ಖಾನೆಯಲ್ಲಿರೋ ಪಂಪ್ ಅದನ್ನ ವಾಪಸ್ ಮೇಲಕ್ಕೆ ತಳ್ಳತ್ತೆ, ಹೀಗೇ ಸುತ್ತತಾ ಇರತ್ತೆ. ಲಾಭ ಅಂದ್ರೆ ಹೀಟರ್, ಸ್ಕಿಮ್ಮರ್ (ಸಣ್ಣ ಗುಳ್ಳೆಗಳಿಂದ ನೀರಿನ ಕೊಳೆನ ನೊರೆ ಮಾಡಿ ಕಪ್ಪಲ್ಲಿ ತೆಗೆಯೋ ಯಂತ್ರ) ಎಲ್ಲ ಕಣ್ಣಿಗೆ ಕಾಣದ ಹಾಗೆ ಕೆಳಗೆ ಹೋಗತ್ತೆ, ಒಟ್ಟು ನೀರು ಜಾಸ್ತಿ ಆಗೋದ್ರಿಂದ ಉಪ್ಪಿನಂಶ, ಟೆಂಪರೇಚರ್ ದಿಢೀರ್ ಅಂತ ಏರುಪೇರಾಗಲ್ಲ, ಮೇಲೆ ತೇಲೋ ಎಣ್ಣೆ ಥರದ ಪದರ ಓವರ್‌ಫ್ಲೋ ಜೊತೆ ಹೊರಟು ಹೋಗತ್ತೆ, ಮತ್ತೆ ನೀರು ಆವಿಯಾದಾಗ ಲೆವೆಲ್ ಇಳಿಯೋದು ಸಂಪಿನ ಕೊನೆ ಖಾನೆಯಲ್ಲಿ ಮಾತ್ರ, ಮೇಲಿನ ಟ್ಯಾಂಕ್ ಯಾವಾಗಲೂ ಒಂದೇ ಮಟ್ಟದಲ್ಲಿರತ್ತೆ. ನನಗೆ ಈ ಕೊನೇದೇ ಎಲ್ಲಕ್ಕಿಂತ ಇಷ್ಟ.

ಸಂಪ್ ಇಲ್ದೆ ಉಪ್ಪುನೀರಿನ ಟ್ಯಾಂಕ್ ನಡೆಸೋಕೆ ಆಗಲ್ವಾ?

ಆಗತ್ತೆ. ಚಿಕ್ಕ ಟ್ಯಾಂಕಾದ್ರೆ ಅಂಚಿಗೆ ನೇತು ಹಾಕೋ ಹ್ಯಾಂಗ್ ಆನ್ ಫಿಲ್ಟರ್, ನೀರಲ್ಲಿ ಅಲೆ ಎಬ್ಬಿಸೋ ಒಂದು ವೇವ್‌ಮೇಕರ್, ವಾರ ವಾರ ನೀರು ಬದಲಾಯಿಸೋ ಶಿಸ್ತು ಇದ್ರೆ ಸಾಕು. ಸಂಪ್ ಮಾಡ್ಲೇಬೇಕು ಅಂತ ಯಾರಾದ್ರೂ ಹೆದರಿಸಿದ್ರೆ ನಂಬಬೇಡಿ.

ಸಂಪ್ ಎಷ್ಟು ದೊಡ್ಡದಿರಬೇಕು?

ಸ್ಟ್ಯಾಂಡ್ ಒಳಗೆ ಹಿಡಿಸೋ ಅಷ್ಟು ದೊಡ್ಡದು. ಮೇನ್ ಟ್ಯಾಂಕಿನ ಮೂರನೇ ಒಂದು ಭಾಗಕ್ಕಿಂತ ಕಮ್ಮಿ ಆದ್ರೆ ಇಕ್ಕಟ್ಟಾಗತ್ತೆ ಅನ್ನೋದು ನನ್ನ ಅನುಭವ. ಆದ್ರೆ ಲೀಟರ್ ಲೆಕ್ಕಕ್ಕಿಂತ ಮುಖ್ಯ ಇನ್ನೊಂದಿದೆ, ಸಂಪ್ ಓಡ್ತಾ ಇರುವಾಗ ಅದರಲ್ಲಿ ಎಷ್ಟು ಜಾಗ ಖಾಲಿ ಉಳಿದಿರತ್ತೆ ಅನ್ನೋದು. ಇದರ ಬಗ್ಗೆ ಮುಂದಿನ ಎರಡು ಪ್ರಶ್ನೆ ಓದಿ, ಬೇರೆ ಏನು ಓದದಿದ್ರೂ ಪರವಾಗಿಲ್ಲ ಅವೆರಡು ಮಾತ್ರ ಬಿಡಬೇಡಿ.

ಮತ್ತೆ ಅಳತೆ ತಗೊಳ್ಳುವಾಗ ಸ್ಟ್ಯಾಂಡಿನ ಒಳಗಿನ ಅಳತೆ ಮಾತ್ರ ಅಲ್ಲ, ಬಾಗಿಲಿನ ಅಳತೆಯನ್ನೂ ತಗೊಳ್ಳಿ. ನನ್ನ ಎರಡನೇ ಸಂಪ್ ಒಳಗೆ ಸಲೀಸಾಗಿ ಕೂರ್ತಿತ್ತು, ಬಾಗಿಲಲ್ಲಿ ತೂರ್ಲಿಲ್ಲ, ಎಲ್ಲಾ ಅಂಟಿಸಿ ಒಣಗಿಸಿ ತಂದು ನೋಡಿದ್ರೆ 2 ಸೆಂ.ಮೀ ಜಾಸ್ತಿ. ನಡುಗಂಬ ಕುಯ್ಯೋ ಹಾಗಿರ್ಲಿಲ್ಲ, ಮೇಲೆ ಅಷ್ಟೊಂದು ನೀರಿನ ಭಾರ ಇದೆ. ಸ್ಕಿಮ್ಮರ್ ಕಪ್ ಮೇಲಕ್ಕೆ ಎತ್ತಿ ತೆಗೆಯೋಕೂ ಜಾಗ ಬೇಕು, ಅದನ್ನೂ ಎತ್ತರದ ಲೆಕ್ಕಕ್ಕೆ ಸೇರಿಸ್ಕೊಳ್ಳಿ.

ಕರೆಂಟ್ ಹೋದ್ರೆ ಏನಾಗತ್ತೆ?

ಪಂಪ್ ನಿಲ್ಲತ್ತೆ, ಆದ್ರೆ ನೀರು ತಕ್ಷಣ ನಿಲ್ಲಲ್ಲ. ಪಂಪಿಂದ ಮೇಲಿನ ಟ್ಯಾಂಕಿಗೆ ಹೋಗೋ ರಿಟರ್ನ್ ಪೈಪ್ ಈಗ ಉಲ್ಟಾ ಕೆಲಸ ಶುರು ಮಾಡತ್ತೆ, ಸೈಫನ್ ಆಗಿ ಮೇಲಿನ ನೀರನ್ನ ಕೆಳಕ್ಕೆ ಎಳೀತಾನೇ ಇರತ್ತೆ, ಆ ಪೈಪಿನ ತುದಿಯ ನಾಝಲ್ ಬಾಯಿ ಗಾಳಿಗೆ ತೆರ್ಕೊಳ್ಳೋ ತನಕ. ಅಂದ್ರೆ ನಾಝಲ್ ನೀರಿನೊಳಗೆ ಎಷ್ಟು ಆಳದಲ್ಲಿದೆಯೋ ಅಷ್ಟೂ ನೀರು ಸಂಪಿಗೆ ಬಂತು ಅಂತ ಲೆಕ್ಕ.

ನನ್ನ ಮೊದಲನೇ ಟ್ಯಾಂಕ್ 90 ಸೆಂ.ಮೀ ಉದ್ದ, 45 ಸೆಂ.ಮೀ ಅಗಲ. ನೀರಿನ ಓಟ ಚೆನ್ನಾಗಿರ್ಲಿ ಅಂತ ನಾಝಲನ್ನ 12 ಸೆಂ.ಮೀ ಆಳಕ್ಕೆ ಇಳಿಸಿದ್ದೆ. 90 × 45 × 12 ಅಂದ್ರೆ 48,600 ಸಿಸಿ, ಹತ್ತಿರ ಹತ್ತಿರ 49 ಲೀಟರ್. ಸಂಪಲ್ಲಿ ಖಾಲಿ ಇದ್ದಿದ್ದು ಸುಮಾರು 15 ಲೀಟರ್ ಜಾಗ. ರಾತ್ರಿ ಕರೆಂಟ್ ಹೋಯ್ತು, ನಾನು ಸೊಳ್ಳೆ ಹೊಡ್ಕೊಂಡು ಮಲಗಿದ್ದೆ, ನೀರು ಕುಡಿಯೋಣ ಅಂತ ಎದ್ದು ಕಾಲು ಕೆಳಗಿಟ್ರೆ ಪಚಕ್ ಅಂತು. ಉಪ್ಪುನೀರು ಬೇರೆ, ಒರೆಸಿದಷ್ಟೂ ಬೆಳಗ್ಗೆ ಬಿಳಿ ಬಿಳಿ ಪುಡಿ ಏಳತ್ತೆ, ಸ್ಟ್ಯಾಂಡಿನ ಪ್ಲೈವುಡ್ ಉಬ್ಬಿ ಬಾಗಿಲು ಹಾಕೋಕೆ ಬರದ ಹಾಗಾಯ್ತು.

ಆದ್ದರಿಂದ ನಾಝಲ್ ಮೇಲ್ಮೈ ಹತ್ತಿರಾನೇ ಇಡಿ, 2–3 ಸೆಂ.ಮೀ ಸಾಕು. ಆಮೇಲೆ ನಿಮ್ಮ ಟ್ಯಾಂಕಿನ ಉದ್ದ × ಅಗಲ × ಇಳಿಯೋ ಆಳ (ಎಲ್ಲ ಸೆಂ.ಮೀನಲ್ಲಿ) ಗುಣಿಸಿ 1000ದಿಂದ ಭಾಗಿಸಿ, ಅಷ್ಟು ಲೀಟರ್. ಅದಕ್ಕೆ ಪೈಪುಗಳಲ್ಲಿರೋ ನೀರು, ಓವರ್‌ಫ್ಲೋ ಬಾಕ್ಸಿಂದ (ಮೇಲಿನ ಟ್ಯಾಂಕಿನ ನೀರು ತುಂಬಿ ಬೀಳೋ ಡಬ್ಬ) ಇಳಿಯೋ ನೀರು ಸೇರಿಸಿ, ಇನ್ನೂ ಸ್ವಲ್ಪ ಧಾರಾಳವಾಗಿ ಜಾಗ ಬಿಡಿ. ಉದಾಹರಣೆಗೆ ಸಂಪ್ 40 ಸೆಂ.ಮೀ ಎತ್ತರ ಇದ್ರೆ ನಾನು ಓಡೋ ನೀರನ್ನ 23 ಸೆಂ.ಮೀ ದಾಟಿಸಲ್ಲ, ಆ ಗೆರೆನ ಗ್ಲಾಸ್ ಮೇಲೆ ಪರ್ಮನೆಂಟ್ ಮಾರ್ಕರಲ್ಲಿ ಎಳೆದಿಟ್ಟಿದೀನಿ.

ಡ್ರೈನ್ ಬ್ಲಾಕ್ ಆದ್ರೆ?

ಡ್ರೈನ್ ಅಂದ್ರೆ ಮೇಲಿನ ನೀರು ಸಂಪಿಗೆ ಇಳಿಯೋ ಪೈಪ್, ಇದು ಮೇಲಿನದರ ಉಲ್ಟಾ. ಬಸವನಹುಳು ಒಂದು ಡ್ರೈನ್ ಬಾಯಿಗೆ ಹೋಗಿ ಕೂತ್ಕೊಳ್ತು ಅಂತ ಇಟ್ಕೊಳ್ಳಿ (ಕೂತ್ಕೊಳ್ಳತ್ತೆ, ಅವಕ್ಕೆ ಅದೇ ಜಾಗ ಬೇಕು ಯಾಕೋ). ಕೆಳಗೆ ನೀರು ಬರ್ತಿಲ್ಲ, ಪಂಪ್ ಮಾತ್ರ ಮೇಲಕ್ಕೆ ತಳ್ತಾನೇ ಇದೆ. ಆದ್ರೆ ಪಂಪಿಗೆ ಸಿಗೋದು ಅದು ಕೂತಿರೋ ಕೊನೆ ಖಾನೆಯ ನೀರು ಮಾತ್ರ, ಬಾಕಿ ನೀರನ್ನ ಬ್ಯಾಫಲ್ (ಖಾನೆಗಳ ಮಧ್ಯದ ಅಡ್ಡಗೋಡೆ) ಹಿಡಿದಿಟ್ಕೊಂಡಿರತ್ತೆ. ಆ ಖಾನೆ 20 × 40 ಇದ್ದು ನೀರು 20 ಸೆಂ.ಮೀ ನಿಂತಿದ್ರೆ 16 ಲೀಟರ್. 120 × 45ರ ಟ್ಯಾಂಕಲ್ಲಿ 16 ಲೀಟರ್ ಹಾಕಿದ್ರೆ ಲೆವೆಲ್ ಏರೋದು ಬರೀ 3 ಸೆಂ.ಮೀ. ಟ್ಯಾಂಕಿನ ಅಂಚಿಂದ ನೀರು 4 ಸೆಂ.ಮೀ ಕೆಳಗಿದ್ರೆ ನೆಲಕ್ಕೆ ಒಂದು ಹನಿ ಬೀಳಲ್ಲ.

ಹಾಗಂತ ಆ ಖಾನೆ ತೀರಾ ಚಿಕ್ಕದು ಮಾಡೋ ಹಾಗೂ ಇಲ್ಲ, ಯಾಕಂದ್ರೆ ಆವಿಯಾಗೋ ನೀರೆಲ್ಲ ಅಲ್ಲಿಂದಾನೇ ಕಮ್ಮಿ ಆಗೋದು. 20 × 40ರ ಖಾನೆಯಲ್ಲಿ ದಿನಕ್ಕೆ 4 ಲೀಟರ್ ಆವಿಯಾದ್ರೆ 5 ಸೆಂ.ಮೀ ಇಳಿದುಹೋಗತ್ತೆ, ಮೂರ್ನಾಲ್ಕು ದಿನ ಊರಿಗೆ ಹೋದ್ರೆ ಪಂಪ್ ಗಾಳಿ ಎಳೆಯೋಕೆ ಶುರು. ಆ ಕಡೆ ಎಳೆದ್ರೆ ಈ ಕಡೆ ಸಾಲಲ್ಲ ಅನ್ನೋ ಕಥೆ. ಮಧ್ಯದ ದಾರಿ ಹಿಡ್ಕೊಂಡು ಆಟೋ ಟಾಪ್ ಆಫ್ (ಆವಿಯಾದಷ್ಟು ನೀರನ್ನ ತಾನಾಗೇ ತುಂಬಿಸೋ ವ್ಯವಸ್ಥೆ) ಹಾಕಿ.

ಚೆಕ್ ವಾಲ್ವ್ ಹಾಕ್ಬಿಟ್ರೆ ಈ ಲೆಕ್ಕ ಎಲ್ಲ ಬೇಡ ತಾನೆ?

ಬೇಕು. ನೀರನ್ನ ಒಂದೇ ದಿಕ್ಕಿಗೆ ಬಿಡೋದು ಚೆಕ್ ವಾಲ್ವ್ ಕೆಲಸ, ಆದ್ರೆ ಉಪ್ಪುನೀರಲ್ಲಿ ಅದರ ಒಳಗೆ ಸುಣ್ಣದ ಪದರ ಕಟ್ಟತ್ತೆ, ಚಿಕ್ಕ ಹುಳು, ಪಾಚಿ ಚೂರು ಸಿಕ್ಕಿ ಹಾಕ್ಕೊಳ್ಳತ್ತೆ, ಹೊಸದರಲ್ಲಿ ಚೆನ್ನಾಗೇ ಇರತ್ತೆ, ಬೇಕಾದ ದಿನಾನೇ ಕೈ ಕೊಡತ್ತೆ. ಹಾಕ್ಲೇಬೇಕು ಅಂದ್ರೆ ಹಾಕಿ, ಆದ್ರೆ ಅದು ಇಲ್ಲ ಅಂದ್ಕೊಂಡೇ ಲೆಕ್ಕ ಮಾಡಿ. ಸೈಫನ್ ಕಟ್ ಆಗ್ಲಿ ಅಂತ ರಿಟರ್ನ್ ಪೈಪಲ್ಲಿ ಮೇಲ್ಮೈಗೆ ಸರಿಯಾಗಿ ಕೊರೆಯೋ ಚಿಕ್ಕ ತೂತಿಗೂ ಇದೇ ಮಾತು, ಪಾಚಿ ಮುಚ್ಚಿದ್ರೆ ಮುಗೀತು.

ಗ್ಲಾಸ್, ಅಕ್ರಿಲಿಕ್, ಪ್ಲಾಸ್ಟಿಕ್ ಡಬ್ಬ, ಯಾವುದು ಒಳ್ಳೇದು?

ಮೊದಲ ಸಲ ಮಾಡೋರಿಗೆ ಗ್ಲಾಸ್. ಹಳೇ ಟ್ಯಾಂಕ್ ಒಂದಿದ್ರೆ ಅದಕ್ಕೇ ಬ್ಯಾಫಲ್ ಅಂಟಿಸಿದ್ರೆ ಸಂಪ್ ಆಯ್ತು, ಅರ್ಧ ಕೆಲಸ ಉಳೀತು. ಮೀನಿಗೆ ಮುಂಚೆ ತಾಮ್ರ ಇರೋ ಔಷಧಿ ಹಾಕಿದ್ದ ಟ್ಯಾಂಕ್ ಮಾತ್ರ ಬೇಡ, ತಾಮ್ರ ಸ್ವಲ್ಪ ಉಳಿದಿದ್ರೂ ಸೀಗಡಿ, ಬಸವನಹುಳು, ಹವಳ ತಡ್ಕೊಳ್ಳಲ್ಲ.

ಅಕ್ರಿಲಿಕ್ ಹಗುರ, ತೂತು ಕೊರೆಯೋದು ಸುಲಭ, ಆದ್ರೆ ಅದನ್ನ ಅಂಟಿಸೋದು ಸಿಲಿಕೋನಿಂದಲ್ಲ, ಅಕ್ರಿಲಿಕ್ಕನ್ನೇ ಕರಗಿಸಿ ಬೆಸೆಯೋ ಸಾಲ್ವೆಂಟಿಂದ. ಗ್ಲಾಸ್ ಟ್ಯಾಂಕಿಗೆ ಅಕ್ರಿಲಿಕ್ ಬ್ಯಾಫಲ್ ಹಾಕೋಣ, ಕುಯ್ಯೋದು ಸುಲಭ ಅಂತ ತುಂಬ ಜನ ಹೊರಡ್ತಾರೆ. ಅಕ್ರಿಲಿಕ್ ನೀರು ಹೀರಿ ಬಾಗತ್ತೆ, ಸಿಲಿಕೋನ್ ಅದಕ್ಕೆ ಗಟ್ಟಿಯಾಗಿ ಹಿಡಿಯಲ್ಲ, ಸ್ವಲ್ಪ ದಿನ ಆದ್ಮೇಲೆ ಬಿಟ್ಕೊಳ್ಳತ್ತೆ.

ಪ್ಲಾಸ್ಟಿಕ್ ಡಬ್ಬಗಳಿಗೆ, ಪಾಲಿಥೀನ್ ಆಗ್ಲಿ ಪಾಲಿಪ್ರೊಪಿಲೀನ್ ಆಗ್ಲಿ, ಸಿಲಿಕೋನ್ ಅಂಟೋದೇ ಇಲ್ಲ, ಜೊತೆಗೆ ನೀರು ತುಂಬಿದ್ರೆ ತೆಳು ಡಬ್ಬ ಹೊಟ್ಟೆ ಉಬ್ಬಿಸ್ಕೊಂಡು ಕೂತ್ಕೊಳ್ಳತ್ತೆ. ದಪ್ಪ ಗೋಡೆಯ, ಆಹಾರಕ್ಕೆ ಬಳಸೋ ದರ್ಜೆಯ ಡಬ್ಬ ಆದ್ರೆ ಬ್ಯಾಫಲ್ ಯೋಚನೆ ಬಿಟ್ಟು, ಎರಡು ಡಬ್ಬನ ಬಲ್ಕ್‌ಹೆಡ್ (ತೂತಲ್ಲಿ ನೀರು ಸೋರದ ಹಾಗೆ ಪೈಪ್ ಕೂರಿಸೋ ಜೋಡಣೆ) ಹಾಕಿ ಪೈಪಲ್ಲಿ ಜೋಡಿಸಿ ಓಡಿಸಬಹುದು.

ಯಾವ ಸಿಲಿಕೋನ್?

100% ಸಿಲಿಕೋನ್, ಒಣಗುವಾಗ ವಿನೆಗರ್ ವಾಸನೆ ಬರೋದು. ಬೂಸ್ಟು ಹಿಡಿಯದ ಹಾಗೆ ಕೆಮಿಕಲ್ ಸೇರಿಸಿರೋ ಬಾತ್‌ರೂಮ್ ಸಿಲಿಕೋನ್ ಬೇಡ್ವೇ ಬೇಡ. ಟ್ಯೂಬ್ ಮೇಲೆ ಅಕ್ವೇರಿಯಮ್ಮಿಗೆ ಆಗತ್ತೆ ಅಂತ ಬರೆದಿರೋದು ತಗೊಂಡ್ರೆ ತಲೆನೋವೇ ಇಲ್ಲ.

ಬ್ಯಾಫಲ್ ಎಷ್ಟು ಎತ್ತರ, ಎಷ್ಟು ಅಂತರ, ಹೇಗೆ ಅಂಟಿಸೋದು?

ಮೊದಲು ಸ್ಕಿಮ್ಮರ್ ಕೊಂಡ್ಕೊಳ್ಳಿ, ಆಮೇಲೆ ಗ್ಲಾಸ್ ಕುಯ್ಸಿ. ಪ್ರತಿ ಸ್ಕಿಮ್ಮರಿಗೂ ಇಷ್ಟು ಆಳದ ನೀರಲ್ಲಿ ನಿಲ್ಲಬೇಕು ಅಂತ ಇರತ್ತೆ, ಸಾಮಾನ್ಯವಾಗಿ 15ರಿಂದ 25 ಸೆಂ.ಮೀ ಒಳಗೆ, ನಿಮ್ಮ ಮೊದಲನೇ ಬ್ಯಾಫಲ್ ಎತ್ತರ ಅದೇ. ಅದರ ಮೇಲಿಂದ ನೀರು ಹರಿದು ಬಂದು, ಎರಡನೇ ಬ್ಯಾಫಲ್ ಕೆಳಗಿನ ಸಂದಿಯಲ್ಲಿ ನುಸುಳಿ, ಮೂರನೇದರ ಮೇಲೆ ಹತ್ತಿ ಪಂಪ್ ಖಾನೆಗೆ ಇಳಿಯತ್ತೆ. ಮೇಲೆ, ಕೆಳಗೆ, ಮೇಲೆ, ಅಷ್ಟರಲ್ಲಿ ಗುಳ್ಳೆಗಳು ಹಿಂದೆ ಉಳಿದುಬಿಡತ್ತೆ. ಮೂರನೇದು ಮೊದಲನೇದಕ್ಕಿಂತ 1–2 ಸೆಂ.ಮೀ ಗಿಡ್ಡ ಇರ್ಲಿ, ಇಲ್ದಿದ್ರೆ ಸ್ಕಿಮ್ಮರ್ ಖಾನೆಯ ಲೆವೆಲ್ಲನ್ನ ಅದೇ ಏರಿಸಿಬಿಡತ್ತೆ.

ಅಂತರ 2.5 ಸೆಂ.ಮೀ ಅಂತ ಎಲ್ಲ ಕಡೆ ಹೇಳ್ತಾರೆ, ನಾನು 3ರಿಂದ 4 ಬಿಡ್ತೀನಿ, ಬಾಟಲ್ ತೊಳೆಯೋ ಬ್ರಷ್ ಒಳಗೆ ಹೋಗ್ಬೇಕಲ್ಲ. ಅಗಲ ಜಾಗ ಇದ್ದಷ್ಟೂ ನೀರು ನಿಧಾನ ಆಗತ್ತೆ, ಗುಳ್ಳೆಗೂ ಮೇಲೇಳೋಕೆ ಟೈಮ್ ಸಿಗತ್ತೆ: 40 ಸೆಂ.ಮೀ ಅಗಲದ ಸಂಪಲ್ಲಿ 3 ಸೆಂ.ಮೀ ಸಂದಿ, ಗಂಟೆಗೆ 1500 ಲೀಟರ್ ಓಟ ಅಂದ್ರೆ ನೀರಿನ ವೇಗ ಸೆಕೆಂಡಿಗೆ ಬರೀ 3.5 ಸೆಂ.ಮೀ.

ಗ್ಲಾಸನ್ನ ಒಳ ಅಗಲಕ್ಕಿಂತ 3 ಮಿ.ಮೀ ಕಮ್ಮಿ ಕುಯ್ಸಿ, ಎರಡೂ ಬದಿ ಒಂದೂವರೆ ಮಿ.ಮೀ ಸಿಲಿಕೋನಿಗೆ ಜಾಗ. ಒಳಗಿನ ಮೂಲೆಗಳಲ್ಲಿ ಮೊದಲೇ ಸಿಲಿಕೋನ್ ಇರತ್ತೆ, ಅದಕ್ಕೆ ತಗಲದ ಹಾಗೆ ಬ್ಯಾಫಲಿನ ಕೆಳಗಿನ ಎರಡು ಮೂಲೆನ ಚೂರು ಕತ್ತರಿಸಿ ಕೊಡಿ ಅಂತ ಕುಯ್ಯೋರಿಗೇ ಹೇಳಿ. ಅಂಚನ್ನ ನೀರು ಹಾಕಿ ಎಮರಿ ಪೇಪರಲ್ಲಿ ಉಜ್ಜಿ, ಇಲ್ಲಾಂದ್ರೆ ಕೈ ಕುಯ್ಯತ್ತೆ.

ಅಂಟಿಸೋ ಜಾಗನ ಅಸಿಟೋನ್ ಅಥವಾ ಐಸೋಪ್ರೊಪೈಲ್ ಆಲ್ಕೋಹಾಲಲ್ಲಿ ಎರಡು ಸಲ ಒರೆಸಿ, ಆಮೇಲೆ ಅಲ್ಲಿ ಬೆರಳು ತಾಗಿಸಬೇಡಿ. ಟ್ಯಾಂಕ್ ಹೊರಗಡೆ ಮಾರ್ಕರಲ್ಲಿ ಗೆರೆ, ಒಳಗಡೆ ಗೆರೆಯ ಎರಡೂ ಪಕ್ಕ ಮಾಸ್ಕಿಂಗ್ ಟೇಪ್. ಮಧ್ಯದ ಬ್ಯಾಫಲ್ ಮೊದಲು ಅಂಟಿಸಿ, ಎರಡೂ ಕಡೆಯಿಂದ ಸಿಲಿಕೋನ್ ಎಳೆದು, ಅದು ಹಿಡ್ಕೊಂಡ ಮೇಲೆ ಆಚೆ ಈಚೆದು ಇಟ್ಟು ಅವಕ್ಕೆ ಹೊರಗಡೆಯಿಂದ ಮಾತ್ರ ಸಿಲಿಕೋನ್ ಹಾಕಿ. ಉಲ್ಟಾ ಮಾಡಿದ್ರೆ 3 ಸೆಂ.ಮೀ ಸಂದಿಯಲ್ಲಿ ಕೈ ಹೋಗಲ್ಲ, ಕಡ್ಡಿಗೆ ಸಿಲಿಕೋನ್ ಮೆತ್ತಿ ತೂರಿಸೋ ಪಾಡು ನನಗೆ ಗೊತ್ತು. ಮಧ್ಯದ್ದು ಅಂಟಿಸುವಾಗ ಕೆಳಗೆ ಸಂದಿಯಷ್ಟೇ ದಪ್ಪದ ಮರದ ತುಂಡು ಇಟ್ಕೊಳ್ಳಿ, ತಾನಾಗೇ ನಿಲ್ಲತ್ತೆ.

ಕೈಗವಸು ಹಾಕ್ಕೊಂಡು ಒಂದೇ ಎಳೆತದಲ್ಲಿ ಬೆರಳಾಡಿಸಿ ಟೇಪ್ ತಕ್ಷಣ ಕಿತ್ತುಬಿಡಿ, ಐದು ನಿಮಿಷ ತಡ ಮಾಡಿದ್ರೆ ಮೇಲೆ ಕೆನೆ ಕಟ್ಟಿರತ್ತೆ, ಟೇಪ್ ಜೊತೆ ಅದೂ ಕಿತ್ತು ಬರತ್ತೆ. ಆಮೇಲೆ ಕನಿಷ್ಠ 48 ಗಂಟೆ ಮುಟ್ಟಬೇಡಿ, ತಾಳ್ಮೆ ಇದ್ರೆ ಒಂದು ವಾರ ಬಿಡಿ. ಸಿಲಿಕೋನ್ ಹೊರಗಿಂದ ಒಳಕ್ಕೆ ಒಣಗತ್ತೆ, ಮುಟ್ಟಿದ್ರೆ ಒಣಗಿದ ಹಾಗಿದ್ರೂ ಒಳಗೆ ಹಸಿ ಇರತ್ತೆ.

ಮೇನ್ ಟ್ಯಾಂಕಿಗೆ ತೂತು ಕೊರೀಲೇಬೇಕಾ?

ಕೊರೆಯೋದೇ ಒಳ್ಳೇದು. ಕೊರೆಯದೆ ಹಿಂದೆ ನೇತು ಹಾಕೋ ಓವರ್‌ಫ್ಲೋ ಬಾಕ್ಸ್ ಸೈಫನ್ ಟ್ಯೂಬ್ ಮೇಲೆ ನಿಂತಿರತ್ತೆ, ಟ್ಯೂಬಲ್ಲಿ ಗಾಳಿ ಸೇರ್ತಾ ಸೇರ್ತಾ ಒಂದು ದಿನ ಸೈಫನ್ ಕಟ್ ಆಗತ್ತೆ, ಕೆಳಗಿನ ಪಂಪಿಗೆ ಅದು ಗೊತ್ತಾಗಲ್ಲ. ವರ್ಷಗಟ್ಟಲೆ ಓಡಿಸ್ತಿರೋರೂ ಇದಾರೆ, ನನಗೆ ಮಾತ್ರ ಧೈರ್ಯ ಇಲ್ಲ.

ಟಫನ್ ಮಾಡಿರೋ (ಕಾಯಿಸಿ ಗಟ್ಟಿ ಮಾಡಿರೋ) ಗ್ಲಾಸ್ ಕೊರೆದ್ರೆ ಪುಡಿ ಪುಡಿ ಆಗತ್ತೆ. ಟೆಸ್ಟ್ ಮಾಡೋದು ಹೀಗೆ: ಗ್ಲಾಸಿನ ಒಂದು ಕಡೆ ಬಿಳಿ ಸ್ಕ್ರೀನ್ ಹಾಕಿದ ಎಲ್‌ಸಿಡಿ ಲ್ಯಾಪ್‌ಟಾಪ್ ಹಿಡಿದು, ಇನ್ನೊಂದು ಕಡೆಯಿಂದ ಪೋಲರೈಸ್ಡ್ ಕೂಲಿಂಗ್ ಗ್ಲಾಸ್ ಹಾಕ್ಕೊಂಡು ನೋಡಿ, ಚುಕ್ಕೆ ಪಟ್ಟೆ ಥರ ಕಂಡ್ರೆ ಟಫನ್ ಆಗಿದೆ ಅಂತ. ಗೋಡೆಗಳು ಸಾದಾ ಇದ್ದು ತಳ ಮಾತ್ರ ಟಫನ್ ಆಗಿರೋದೂ ಉಂಟು, ಪ್ರತಿಯೊಂದನ್ನೂ ನೋಡಿ. ಅಂಚಿಂದ ಕನಿಷ್ಠ ತೂತಿನ ವ್ಯಾಸದಷ್ಟು ದೂರ ಬಿಡಿ, ಡೈಮಂಡ್ ಹೋಲ್ ಸಾ, ಕಮ್ಮಿ ಸ್ಪೀಡ್, ಹ್ಯಾಮರ್ ಮೋಡ್ ಆಫ್, ನೀರು ಬಿಡ್ತಾನೇ ಇರಿ, ಡ್ರಿಲ್ಲನ್ನ ಒತ್ತಬೇಡಿ, ಅದರ ಭಾರವೇ ಸಾಕು, ಕೊನೆ ಒಂದು ಮಿಲಿಮೀಟರಿಗೆ ಅದನ್ನೂ ಕಮ್ಮಿ ಮಾಡಿ.

ಟಾಯ್ಲೆಟ್ ಫ್ಲಶ್ ಥರ ಗುಳುಗುಳು ಸದ್ದು ಬರ್ತಿದೆ, ಏನ್ ಮಾಡ್ಲಿ?

ಒಂದೇ ಪೈಪಲ್ಲಿ ನೀರೂ ಗಾಳಿಯೂ ಗುದ್ದಾಡ್ತಾ ಇಳೀತಿವೆ. ಒಂದೇ ತೂತು ಇದ್ರೆ ಡರ್ಸೋ, ಅಂದ್ರೆ ಮೇಲೆ ಗಾಳಿ ತೂತು ಇರೋ ಬಗ್ಗಿಸಿದ ಪೈಪ್, ಸದ್ದು ಕಮ್ಮಿ ಆಗತ್ತೆ, ಪೂರ್ತಿ ಹೋಗಲ್ಲ. ಎರಡು ತೂತು ಇದ್ರೆ ಹರ್ಬಿ: ಒಂದು ಪೈಪ್ ಪೂರ್ತಿ ನೀರು ತುಂಬಿ ಸೈಫನ್ ಆಗಿ ಓಡತ್ತೆ, ಅದಕ್ಕೆ ಗೇಟ್ ವಾಲ್ವ್ ಹಾಕಿ ಅಡ್ಜಸ್ಟ್ ಮಾಡ್ಬೇಕು, ಎರಡನೇದು ಎತ್ತರದಲ್ಲಿ ಖಾಲಿ ನಿಂತಿರತ್ತೆ, ಮೊದಲನೇದು ಬ್ಲಾಕ್ ಆದ್ರೆ ಕೆಲಸಕ್ಕೆ ಬರತ್ತೆ. ಮೂರು ಪೈಪಿನ ಬೀನ್ ಅನಿಮಲ್ ಇನ್ನೂ ಶಾಂತ. ಬಾಲ್ ವಾಲ್ವಲ್ಲಿ ಅಷ್ಟು ನಯವಾಗಿ ತಿರುಗಿಸೋಕೆ ಆಗಲ್ಲ, ಗೇಟ್ ವಾಲ್ವೇ ಹಾಕಿ, ಎಮರ್ಜೆನ್ಸಿ ಪೈಪಿಗೆ ಯಾವ ವಾಲ್ವೂ ಬೇಡ.

ಸೈಫನ್ ಪೈಪಿನ ತುದಿ ಸಂಪಿನ ನೀರಲ್ಲಿ 2–3 ಸೆಂ.ಮೀ ಮಾತ್ರ ಮುಳುಗಿರ್ಲಿ. ಜಾಸ್ತಿ ಮುಳುಗಿಸಿದ್ರೆ ಕರೆಂಟ್ ವಾಪಸ್ ಬಂದಾಗ ಪೈಪಲ್ಲಿರೋ ಗಾಳಿ ಹೊರಗೆ ಹೋಗೋಕಾಗದೆ ಸೈಫನ್ ಶುರುವೇ ಆಗಲ್ಲ.

ರಿಟರ್ನ್ ಪಂಪ್ ಎಷ್ಟು ದೊಡ್ಡದು ಬೇಕು?

ಗಂಟೆಗೆ ಮೇನ್ ಟ್ಯಾಂಕಿನ 3ರಿಂದ 5 ಪಟ್ಟು ಸಾಕು, ಟ್ಯಾಂಕ್ ಒಳಗಿನ ಅಲೆ ಎಬ್ಬಿಸೋಕೆ ವೇವ್‌ಮೇಕರ್ ಇದೆಯಲ್ಲ. ಬಾಕ್ಸ್ ಮೇಲಿನ ನಂಬರ್ ಎತ್ತರ ಸೊನ್ನೆ ಇದ್ದಾಗಿನದು, ನೀರು ಒಂದೂವರೆ ಮೀಟರ್ ಮೇಲೆ ಹತ್ತುವಾಗ ಎಷ್ಟು ಉಳಿಯತ್ತೆ ಅಂತ ಅದರ ಗ್ರಾಫಲ್ಲಿ ನೋಡಿ. ಜಾಸ್ತಿ ಆದ್ರೆ ಹೊರ ಬರೋ ಕಡೆ ವಾಲ್ವ್ ಹಾಕಿ ತಗ್ಗಿಸಿ, ಎಳ್ಕೊಳ್ಳೋ ಕಡೆ ಯಾವತ್ತೂ ತಗ್ಗಿಸಬೇಡಿ.

ಸಾದಾ ನೀರಲ್ಲಿ ಟೆಸ್ಟ್ ಮಾಡಿದಾಗ ಗುಳ್ಳೆ ಇರ್ಲಿಲ್ಲ, ಉಪ್ಪು ಹಾಕಿದ ಮೇಲೆ ಟ್ಯಾಂಕ್ ತುಂಬ ಸೋಡಾ ಥರ ಗುಳ್ಳೆ. ಯಾಕೆ?

ಉಪ್ಪುನೀರಲ್ಲಿ ಗುಳ್ಳೆಗಳು ಒಂದಕ್ಕೊಂದು ಸೇರಿ ದೊಡ್ಡದಾಗಲ್ಲ, ಸಣ್ಣದಾಗೇ ಉಳಿದು ನೀರಿನ ಜೊತೆ ಎಲ್ಲ ಕಡೆ ಹೋಗತ್ತೆ. ಸ್ಕಿಮ್ಮರ್ ಕೆಲಸ ಮಾಡೋದೂ ಅದರಿಂದಾನೇ, ಬೈಯೋ ಹಾಗಿಲ್ಲ. ಹೊಸ ಸಂಪಲ್ಲಿ ಒಂದೆರಡು ವಾರ ಇರತ್ತೆ, ಆಮೇಲೆ ತಾನಾಗೇ ಕಮ್ಮಿ ಆಗತ್ತೆ. ಆಗ್ಲಿಲ್ಲ ಅಂದ್ರೆ ಕೊನೆ ಬ್ಯಾಫಲಿಂದ ನೀರು ಎತ್ತರದಿಂದ ಧುಮುಕ್ತಿದೆಯಾ ನೋಡಿ, ಪಂಪ್ ಖಾನೆಯಲ್ಲಿ ನೀರು ಏರಿಸಿ.

ರೆಫ್ಯೂಜಿಯಂ ಬೇಕಾ?

ಜಾಗ ಇದ್ರೆ ಮಾಡಿ. ಮಧ್ಯದಲ್ಲಿ ಒಂದು ಖಾನೆ, ಒಂದು ಉಂಡೆ ಕೀಟೋಮಾರ್ಫಾ ಪಾಚಿ, ಮೇಲೊಂದು ಲೈಟ್. ಪಾಚಿ ಬೆಳೀತಾ ನೈಟ್ರೇಟ್, ಫಾಸ್ಫೇಟ್ ತಿನ್ನತ್ತೆ, ನೀವು ಆಗಾಗ ಒಂದು ಹಿಡಿ ಕಿತ್ತು ಬಿಸಾಕಿದ್ರೆ ಅಷ್ಟು ಕಸ ನೀರಿಂದ ಆಚೆ ಹೋದ ಹಾಗೆ. ಮೇಲಿನ ಟ್ಯಾಂಕಲ್ಲಿ ಕತ್ತಲಾದಾಗ ಇಲ್ಲಿ ಲೈಟ್ ಹಾಕಿದ್ರೆ ರಾತ್ರಿ ಪಿಎಚ್ ಕುಸಿಯೋದೂ ಕಮ್ಮಿ ಆಗತ್ತೆ. ಟಾರ್ಚ್ ಹಾಕಿ ಗ್ಲಾಸ್ ಹತ್ತಿರ ಕಣ್ಣಿಟ್ಟು ನೋಡಿ, ಸಾಸಿವೆಗಿಂತ ಸಣ್ಣ ಕೋಪೆಪಾಡುಗಳು ಪಟಪಟ ಅಂತ ಹಾರಾಡ್ತಿರತ್ತೆ, ನಾನು ಮೇಲಿನ ಮೀನಿಗಿಂತ ಇದನ್ನೇ ಜಾಸ್ತಿ ಹೊತ್ತು ನೋಡ್ತೀನಿ ಅಂತ ಮನೇಲಿ ಕಂಪ್ಲೇಂಟ್ ಇದೆ.

ಹೀಟರ್ ಎಲ್ಲಿಡೋದು?

ಸ್ಕಿಮ್ಮರ್ ಖಾನೆಯಲ್ಲಿ. ಪಂಪ್ ಖಾನೆ ಬತ್ತಿದ್ರೆ ಹೀಟರ್ ಬರಿಗಾಳಿಯಲ್ಲಿ ಉರಿದು ಒಡೆಯತ್ತೆ.

ಫಿಲ್ಟರ್ ಸಾಕ್ಸ್?

ಡ್ರೈನ್ ನೀರಿನ ಕಸ ಸೋಸೋ ಬಟ್ಟೆ ಚೀಲ ಇದು, 200 ಮೈಕ್ರಾನಿಂದು ಹಾಕಿ, ಮೂರು ನಾಲ್ಕು ದಿನಕ್ಕೊಮ್ಮೆ ತೊಳೀರಿ. ತೊಳೆಯೋಕೆ ಬೇಜಾರು ಅನ್ನೋರು ಹಾಕ್ಲೇಬೇಡಿ, ಕೊಳೆತ ಸಾಕ್ಸ್ ನೈಟ್ರೇಟ್ ಕಾರ್ಖಾನೆ.

ಆಟೋ ಟಾಪ್ ಆಫ್ ಹಾಕುವಾಗ ಏನು ನೋಡ್ಕೋಬೇಕು?

ಆವಿಯಾಗೋದು ನೀರು ಮಾತ್ರ, ಉಪ್ಪು ಅಲ್ಲೇ ಉಳಿಯತ್ತೆ, ಆದ್ದರಿಂದ ತುಂಬಿಸೋದು ಉಪ್ಪಿಲ್ಲದ ಆರ್‌ಒ ನೀರು. ಸೆನ್ಸರ್ ಪಂಪ್ ಖಾನೆಯಲ್ಲೇ ಇರ್ಬೇಕು, ಬೇರೆ ಖಾನೆಯಲ್ಲಿ ಲೆವೆಲ್ ಬದಲಾಗೋದೇ ಇಲ್ವಲ್ಲ. ಟ್ಯೂಬಿನ ತುದಿ ಸಂಪಿನ ನೀರಲ್ಲಿ ಮುಳುಗದ ಹಾಗೆ, ರಿಸರ್ವಾಯರ್ ನೀರಿಗಿಂತ ಎತ್ತರದಲ್ಲಿ ಕ್ಲಿಪ್ ಮಾಡಿ, ಇಲ್ದಿದ್ರೆ ಪಂಪ್ ಆಫ್ ಆದ್ರೂ ಸೈಫನ್ ಆಗಿ ಇಳೀತಾನೇ ಇರತ್ತೆ. ರಿಸರ್ವಾಯರ್ ತುಂಬ ದೊಡ್ಡದು ಬೇಡ, ಸ್ವಿಚ್ ಸಿಕ್ಕಿ ಹಾಕ್ಕೊಂಡು ಪೂರ್ತಿ ಸುರಿದ್ರೂ ನೀರಿನ ಉಪ್ಪಿನ ಅಳತೆ (ಸ್ಪೆಸಿಫಿಕ್ ಗ್ರಾವಿಟಿ) 1.025 ಇದ್ದಿದ್ದು ಸ್ವಲ್ಪ ಇಳಿಯಬೇಕೇ ಹೊರತು ಹವಳ ಸಾಯೋ ಅಷ್ಟಲ್ಲ, ಮತ್ತೆ ಆ ನೀರೂ ಸಂಪಲ್ಲಿ ಹಿಡಿಸಬೇಕು.

ವೈರಿಂಗ್?

30 ಮಿಲಿಆಂಪಿನ ಆರ್‌ಸಿಸಿಬಿ (ಕರೆಂಟ್ ಲೀಕ್ ಆದ್ರೆ ತಕ್ಷಣ ಆಫ್ ಆಗೋ ಸ್ವಿಚ್) ಇಲ್ದೆ ಉಪ್ಪುನೀರಿಗೆ ಕೈ ಹಾಕಬೇಡಿ, ಇದರಲ್ಲಿ ವಾದಕ್ಕೆ ಜಾಗ ಇಲ್ಲ. ಎಕ್ಸ್‌ಟೆನ್ಶನ್ ಬಾಕ್ಸ್ ನೆಲದ ಮೇಲಿಡದೆ ಸ್ಟ್ಯಾಂಡಿನ ಪಕ್ಕದ ಗೋಡೆಗೆ ಎತ್ತರದಲ್ಲಿ ಸ್ಕ್ರೂ ಮಾಡಿ. ಪ್ರತಿ ವೈರೂ ಪ್ಲಗ್ಗಿಗಿಂತ ಕೆಳಗೆ ಜೋತು ಬಿದ್ದು ಆಮೇಲೆ ಮೇಲೇರಲಿ, ವೈರ್ ಹಿಡ್ಕೊಂಡು ಬಂದ ಹನಿ ಆ ತಗ್ಗಲ್ಲಿ ಬಿದ್ದು ಹೋಗತ್ತೆ.

ಎಲ್ಲಾ ರೆಡಿ, ಮೀನು ಬಿಡೋ ಮುಂಚೆ ಏನು ಟೆಸ್ಟ್?

ಸಂಪನ್ನ ಒಂಟಿಯಾಗಿ ಬಾಯಿ ತನಕ ತುಂಬಿ ಒಂದು ದಿನ ಹಳೇ ನ್ಯೂಸ್ ಪೇಪರ್ ಮೇಲೆ ಇಡಿ, ಲೀಕ್ ಎಲ್ಲಿದ್ರೂ ಪೇಪರ್ ಹೇಳತ್ತೆ. ಆಮೇಲೆ ಜೋಡಿಸಿ ಸಾದಾ ನೀರಲ್ಲಿ ಓಡಿಸಿ, ಪಂಪ್ ಪ್ಲಗ್ ಕೀಳಿ, ನೀರು ಪೂರ್ತಿ ನಿಲ್ಲೋ ತನಕ ಕಾದು ಸಂಪ್ ತುಳುಕ್ತಾ ನೋಡಿ. ಮತ್ತೆ ಓಡಿಸಿ ಎಲ್ಲಾ ಡ್ರೈನಿಗೂ ಬಟ್ಟೆ ತುರುಕಿ, ಪಂಪ್ ಗಾಳಿ ಎಳೆಯೋ ತನಕ ಬಿಟ್ಟು ಮೇಲಿನ ಟ್ಯಾಂಕ್ ತುಳುಕ್ತಾ ನೋಡಿ. ಎರಡನ್ನೂ ಪಕ್ಕದಲ್ಲಿ ನಿಂತು, ಹಗಲಲ್ಲೇ ಮಾಡಿ.

ಟೆಸ್ಟ್ ಮಾಡುವಾಗ ಒಂದು ಬ್ಯಾಫಲ್ ಬದಿಯಲ್ಲಿ ಸಣ್ಣಗೆ ಜಿನುಗ್ತಿದೆ, ಕಿತ್ತು ಮತ್ತೆ ಅಂಟಿಸ್ಬೇಕಾ?

ಬೇಡ. ಅದು ಒಂದು ಖಾನೆಯಿಂದ ಇನ್ನೊಂದು ಖಾನೆಗೆ ತಾನೇ ಹೋಗ್ತಿರೋದು, ಹೋಗ್ಲಿ ಬಿಡಿ. ನನ್ನದರಲ್ಲೂ ಒಂದು ಮೊದಲ ದಿನದಿಂದ ಜಿನುಗ್ತಾನೇ ಇದೆ.